ಬೆಳೆ ಕಾಯುವ ಬಂದೂಕಿಗೂ ಬೇಕು ಆರೈಕೆ

ರಾಣೆಬೆನ್ನೂರು, ಬ್ಯಾಡಗಿ ಕಡೆಯ ಮಳೆಯಾಶ್ರಿತ ಹೊಲಗಳಲ್ಲಿ ಗೋವಿನಜೋಳ ತೆನೆ ಹಿಡಿಯುವ ಹೊತ್ತಿಗೆ ರಾತ್ರಿ ಕಾವಲು ತಪ್ಪಿದ್ದಲ್ಲ. ಹಂದಿ ಒಮ್ಮೆ ಹೊಕ್ಕರೆ ಸಾಲುಗಟ್ಟಲೆ ಬೆಳೆ ನೆಲಕ್ಕೆ. ಅದಕ್ಕೇ ನಮ್ಮಲ್ಲಿ ಕೆಲವರ ಮನೆಯಲ್ಲಿ ಬಾಯಿಂದ ಮದ್ದು ತುಂಬುವ ಕೇಪಿನ ಬಂದೂಕು ಇದೆ. 1959ರ ಆಯುಧ ಕಾಯ್ದೆಯಲ್ಲಿ ಬೆಳೆ ರಕ್ಷಣೆಗೆ ಇದಕ್ಕೆ ಲೈಸೆನ್ಸ್ ಸಿಗುತ್ತದೆ. 2019ರ ತಿದ್ದುಪಡಿ ನಂತರ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿದೆ. ಕಾಗದ ಸರಿ ಇಟ್ಟುಕೊಳ್ಳುವವರು ಬಹಳ, ಒಳಗಿನ ಭಾಗ ನೋಡುವವರು ಕಡಿಮೆ. ತುಕ್ಕು ತಿಂದ ನಳಿಕೆ ಒಡೆದರೆ ಹೋಗುವುದು ನಮ್ಮ ಕೈ, ಕಣ್ಣು.

ಕಪ್ಪು ಮದ್ದೆಂದರೆ ಪೆಟ್ಲುಪ್ಪು, ಗಂಧಕ, ಇದ್ದಲು. ಸುಟ್ಟ ಮೇಲೆ ಉಳಿಯುವ ಮಸಿಯಲ್ಲಿ ಉಪ್ಪಿನಂಶ ಇರುತ್ತದೆ. ಅದು ಗಾಳಿಯ ತೇವ ಹೀರಿ ಕಬ್ಬಿಣ ತಿನ್ನುತ್ತದೆ. ಸೀಮೆಎಣ್ಣೆಯಿಂದ ಒರೆಸಿದರೆ ಮಸಿ ಹೋದಂತೆ ಕಾಣುತ್ತದೆ, ಆದರೆ ಉಪ್ಪು ಕರಗುವುದಿಲ್ಲ. ಅದಕ್ಕೆ ನೀರೇ ಬೇಕು.

ನಾನು ಮಾಡುವ ಕ್ರಮ ಹೀಗಿದೆ:

1. ಮೊದಲು ಬಂದೂಕು ಖಾಲಿ ಇದೆಯೇ ನೋಡ್ರಿ. ಖಾಲಿ ನಳಿಕೆಗೆ ಗಜ ಇಳಿಸಿ, ಬಾಯಿಯ ಮಟ್ಟಕ್ಕೆ ಗುರುತು ಮಾಡಿಟ್ಟಿರಬೇಕು. ಗುರುತು ಮೇಲೆ ನಿಂತರೆ ಒಳಗೆ ಮದ್ದು ಇದೆ ಎಂದೇ ಅರ್ಥ. ಅದನ್ನು ಮನೆಯಲ್ಲಿ ಕೆದಕಬ್ಯಾಡ್ರಿ, ಲೈಸೆನ್ಸ್ ಇರುವ ಬಂದೂಕು ರಿಪೇರಿಯವರಿಗೆ ತೋರಿಸ್ರಿ.

2. ಗಜಕ್ಕೆ ಅರಿವೆ ಸುತ್ತಿ, ಬಿಸಿನೀರಿನಿಂದ ನಳಿಕೆ ತೊಳೆಯಿರಿ. ಅರಿವೆ ಬೆಳ್ಳಗೆ ಬರುವವರೆಗೆ ಬಿಡಬ್ಯಾಡ್ರಿ. ನೀರು ಬಿಸಿ ಇದ್ದಷ್ಟೂ ಕಬ್ಬಿಣ ಬೇಗ ಒಣಗುತ್ತದೆ.

3. ಒಣ ಅರಿವೆಯಿಂದ ಒರೆಸಿ, ಬಿಸಿಲಿಗಿಟ್ಟು ಪೂರ್ತಿ ಆರಿಸಿ, ತೆಳ್ಳಗೆ ಎಣ್ಣೆ ಸವರಿ.

4. ಕುದುರೆಯ ಪಕ್ಕದ ತಗಡನ್ನು ಕುದುರೆ ಅರ್ಧ ಎಳೆದು ಬಿಚ್ಚಬೇಕು. ತಿರುಪಿಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಇರಲಿ. ದೊಡ್ಡ ಸ್ಪ್ರಿಂಗ್ ಕೀಳಬ್ಯಾಡ್ರಿ, ಅದು ಸಿಡಿದರೆ ಗಾಯ ಖಂಡಿತ. ಇದ್ದಲ್ಲೇ ಹಳೇ ಜಿಡ್ಡು, ದೂಳನ್ನು ಸೀಮೆಎಣ್ಣೆಯ ಕುಂಚದಿಂದ ತೆಗೆದು ಆರಿಸಿ.

5. ತಿರುಗುವ, ಉಜ್ಜುವ ಜಾಗಕ್ಕೆ ಮಾತ್ರ ಹೊಲಿಗೆ ಯಂತ್ರದ ಎಣ್ಣೆ, ಕೋಳಿ ಗರಿಯ ತುದಿಯಲ್ಲಿ ಒಂದೊಂದು ಹನಿ.

ಕುಸುಬಿ, ಶೇಂಗಾ ಎಣ್ಣೆ ಹಚ್ಚುವ ರೂಢಿ ನಮ್ಮ ಕಡೆ ಇದೆ. ಬ್ಯಾಡ. ಕುಸುಬಿ ಎಣ್ಣೆ ಗಾಳಿಗೆ ಒಣಗಿ ಅಂಟಾಗುತ್ತದೆ, ಕುದುರೆ ಹಿಡಿದುಕೊಳ್ಳುತ್ತದೆ. ಗಾಡಿಯ ಗ್ರೀಸ್ ದೂಳು ಹಿಡಿಯುತ್ತದೆ. ಎಣ್ಣೆ ಹೆಚ್ಚಾಗಿ ಕೇಪಿನ ತೂತಿಗೆ ಇಳಿದರೆ ಮದ್ದು ಹತ್ತುವುದಿಲ್ಲ.

ಚುನಾವಣೆಗೆ ಠಾಣೆಯಲ್ಲಿ ಇಡಬೇಕಾದಾಗ, ಒಯ್ಯುವ ಮುಂಚೆಯೇ ಎಣ್ಣೆ ಸವರಿ ಕೊಡ್ರಿ, ರಸೀದಿ ಜೋಪಾನವಾಗಿಡ್ರಿ. ನಳಿಕೆ ಬಿರುಕು ಬಿಟ್ಟರೆ ಕುಲುಮೆಯಲ್ಲಿ ಬೆಸುಗೆ ಹಾಕಿಸಬಾರದು. ಲೈಸೆನ್ಸ್ ಇಲ್ಲದವರು ಬಂದೂಕು ರಿಪೇರಿ ಮಾಡುವುದೂ ಅಪರಾಧವೇ.

ಇನ್ನೊಂದು ಮಾತು. ರಾಣೆಬೆನ್ನೂರಿನ ಕೃಷ್ಣಮೃಗ ಧಾಮ 1974ರದು, 119 ಚದರ ಕಿಲೋಮೀಟರ್ ಇದೆ. ಚಿಗರಿಗಳು ಹೊಲಕ್ಕೂ ಬರುತ್ತವೆ. 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ, ಕೊಂದರೆ ಜೈಲು. ಲೈಸೆನ್ಸ್ ಬಂದೂಕಿಗೆ, ಬೇಟೆಗಲ್ಲ.