ಮನೆಮುಂದಿನ ಬೀದಿಯೂ ನಮ್ಮ ಅಂಗಳವೇ

ಮುಂಬಯಿ: ಶಾಲೆ ಬಿಡುವ ಹೊತ್ತಿನಲ್ಲಿ ಉಪನಗರದ ಯಾವುದೇ ಒಳರಸ್ತೆಯಲ್ಲಿ ನಿಂತು ನೋಡಿದರೂ ದೃಶ್ಯ ಒಂದೇ. ಮುಖ್ಯರಸ್ತೆಯ ಸಿಗ್ನಲ್ ತಪ್ಪಿಸಲು ನುಗ್ಗುವ ಬೈಕು, ರಿಕ್ಷಾ, ಟೆಂಪೊಗಳು ಒಂದೆಡೆಯಾದರೆ, ಮೊಮ್ಮಗನ ಕೈ ಹಿಡಿದು ರಸ್ತೆ ದಾಟಲು ಕಾಯುವ ಅಜ್ಜಿ ಇನ್ನೊಂದೆಡೆ. ಫುಟ್‌ಪಾತಿನ ಮೇಲೆ ವಾಹನಗಳು ನಿಂತಿರುತ್ತವೆ. ‘ನಿಧಾನವಾಗಿ ಚಲಿಸಿ’ ಎಂಬ ಫಲಕವಿದ್ದರೂ ಅದನ್ನು ಓದುವವರಿಲ್ಲ.

ಈ ಗೋಳು ನಮ್ಮದು ಮಾತ್ರವಲ್ಲ. ಇಂದು ಸೈಕಲಿಗೆ ಹೆಸರಾದ ನೆದರ್ಲೆಂಡ್ಸ್‌ನಲ್ಲಿ 1971ರ ಒಂದೇ ವರ್ಷದಲ್ಲಿ 3,000ಕ್ಕೂ ಹೆಚ್ಚು ಮಂದಿ ರಸ್ತೆ ಅಪಘಾತಗಳಲ್ಲಿ ಮೃತಪಟ್ಟರು. ಅವರಲ್ಲಿ 400ಕ್ಕೂ ಹೆಚ್ಚು ಮಂದಿ ಮಕ್ಕಳು. ಮಗಳನ್ನು ಕಳೆದುಕೊಂಡ ಪತ್ರಕರ್ತ ವಿಕ್ ಲಾಂಗೆನ್‌ಹಾಫ್ 1972ರಲ್ಲಿ ‘ಮಕ್ಕಳ ಕೊಲೆ ನಿಲ್ಲಿಸಿ’ ಎಂಬ ಅರ್ಥದ ಶೀರ್ಷಿಕೆಯಡಿ ಲೇಖನ ಬರೆದರು. ಅದೇ ಹೆಸರಿನಲ್ಲಿ ಚಳವಳಿ ಹುಟ್ಟಿ, ತಂದೆತಾಯಂದಿರು ಬೀದಿಗಿಳಿದರು.

ಅದಕ್ಕೂ ಮುನ್ನ ಡೆಲ್ಫ್ಟ್ ಎಂಬ ಊರಿನಲ್ಲಿ ಹೊಸ ಪ್ರಯೋಗವೊಂದು ಶುರುವಾಗಿತ್ತು. ನೇರವಾದ ರಸ್ತೆಯನ್ನು ಅಲ್ಲಲ್ಲಿ ತಿರುವುಗೊಳಿಸಿ, ಮರ ನೆಟ್ಟು, ಬೆಂಚು ಹಾಕಿ, ವಾಹನ ತಾನಾಗಿ ನಿಧಾನಿಸುವಂತೆ ಮಾಡಲಾಯಿತು. ಇಂಥ ಬೀದಿಗೆ ಅವರು ಇಟ್ಟ ಹೆಸರಿನ ಅರ್ಥ ‘ವಾಸದ ಅಂಗಳ’. 1976ರಲ್ಲಿ ಅದಕ್ಕೆ ಕಾನೂನಿನ ಮಾನ್ಯತೆಯೂ ದೊರೆಯಿತು. ಬರೇ ಫಲಕದಿಂದ ಆಗದ ಕೆಲಸ ರಸ್ತೆಯ ರೂಪ ಬದಲಿಸಿದ್ದರಿಂದ ಆಯಿತು ಎಂಬುದು ಗಮನಾರ್ಹ.

ವೇಗದ ಲೆಕ್ಕ ಸರಳವಾದುದು. ಗಂಟೆಗೆ 30 ಕಿ.ಮೀ. ವೇಗದ ವಾಹನ ಒಂದು ಸೆಕೆಂಡಿನಲ್ಲಿ ಸುಮಾರು 8 ಮೀಟರ್ ಸಾಗಿದರೆ, 50 ಕಿ.ಮೀ. ವೇಗದ್ದು ಸುಮಾರು 14 ಮೀಟರ್ ಸಾಗುತ್ತದೆ. ಢಿಕ್ಕಿಯ ಶಕ್ತಿಯಾದರೋ ಎರಡೂವರೆ ಪಟ್ಟಿಗಿಂತಲೂ ಹೆಚ್ಚು. ಜನರು ಮತ್ತು ವಾಹನಗಳು ಬೆರೆಯುವ ಕಡೆ ಗರಿಷ್ಠ ವೇಗ 30 ಕಿ.ಮೀ. ಇರಬೇಕೆಂದು 2020ರ ಸ್ಟಾಕ್‌ಹೋಮ್ ಘೋಷಣೆ ಹೇಳಿರುವುದು ಇದೇ ಕಾರಣಕ್ಕೆ.

ಹಾಗೆಂದು ರಾತ್ರೋರಾತ್ರಿ ಸಿಮೆಂಟು ತಂದು ಕಟ್ಟಡದ ಎದುರು ದಿಬ್ಬ ಕಟ್ಟುವುದು ಪರಿಹಾರವಲ್ಲ. ಕಿರಿದಾದ, ಚೂಪಾದ, ಬಣ್ಣ ಬಳಿಯದ ದಿಬ್ಬ ಕತ್ತಲಲ್ಲಿ ಕಾಣುವುದಿಲ್ಲ. ಸ್ಕೂಟರಿನ ಹಿಂದೆ ಒಂದೇ ಬದಿಗೆ ಕಾಲು ಹಾಕಿ ಕುಳಿತ ಮಹಿಳೆ ಮೊದಲು ಬೀಳುತ್ತಾಳೆ. ಬೆನ್ನುನೋವಿನ ಹಿರಿಯರು, ಆಂಬುಲೆನ್ಸಿನಲ್ಲಿ ಮಲಗಿದ ರೋಗಿ ಎಲ್ಲರಿಗೂ ತೊಂದರೆ. ಭಾರತೀಯ ರಸ್ತೆ ಕಾಂಗ್ರೆಸ್‌ನ 1988ರ ಮಾರ್ಗಸೂಚಿಯಂತೆ ಉಬ್ಬಿನ ಎತ್ತರ 10 ಸೆಂ.ಮೀ., ಅಗಲ 3.7 ಮೀಟರ್. ಗಂಟೆಗೆ 25 ಕಿ.ಮೀ. ವೇಗದಲ್ಲಿ ಸಲೀಸಾಗಿ ದಾಟುವಂತಿರಬೇಕು. ಮೊದಲೇ ಎಚ್ಚರಿಸುವ ಫಲಕ, ಮೇಲೆ ಬಣ್ಣದ ಪಟ್ಟಿಗಳೂ ಬೇಕು. ಈ ಮಾರ್ಗಸೂಚಿ 2018ರಲ್ಲಿ ಪರಿಷ್ಕೃತಗೊಂಡಿದೆ.

ಒಬ್ಬರ ದೂರು ಕಡತದಲ್ಲಿ ಉಳಿಯಬಹುದು, ಆದರೆ ಇಡೀ ಬೀದಿಯ ಅರ್ಜಿಗೆ ಬೆಲೆಯಿದೆ. ಮುಂಬಯಿ ಮಹಾನಗರ ಪಾಲಿಕೆ 1997ರಲ್ಲಿ ಆರಂಭಿಸಿದ ಎಎಲ್ಎಂ ಯೋಜನೆಯಡಿ ಅಕ್ಕಪಕ್ಕದ ಸೊಸೈಟಿಗಳು ಒಂದಾಗಿ ಕಸದ ಸಮಸ್ಯೆಯನ್ನು ಎದುರಿಸಿದ ಉದಾಹರಣೆ ಕಣ್ಣೆದುರಿಗಿದೆ. ರಸ್ತೆಯ ವಿಷಯದಲ್ಲೂ ಅದೇ ದಾರಿ. ಒಂದು ವಾರ ಬೆಳಗ್ಗೆ, ಸಂಜೆ ಗೇಟಿನ ಬಳಿ ಕುಳಿತು ವಾಹನಗಳನ್ನು ಎಣಿಸಿ ಬರೆದಿಡಬೇಕು. ಮಕ್ಕಳು ದಾಟುವ ಜಾಗದ ಫೋಟೋ ತೆಗೆಯಬೇಕು. ಎಲ್ಲ ಸೊಸೈಟಿಗಳ ಸಹಿಯೊಂದಿಗೆ ಮರಾಠಿಯಲ್ಲಿ ಬರೆದ ಅರ್ಜಿಯನ್ನು ವಾರ್ಡ್ ಕಚೇರಿಗೂ ಸಂಚಾರ ಪೊಲೀಸರಿಗೂ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಲು ಮರೆಯಬಾರದು.

ಇಲ್ಲಿ ಕನ್ನಡ ಸಂಘಗಳಿಗೂ ಕೆಲಸವಿದೆ. ಕಚೇರಿ ವ್ಯವಹಾರ ಬಲ್ಲ ನಿವೃತ್ತ ಸದಸ್ಯರು ಪ್ರತಿ ಸಂಘದಲ್ಲೂ ಇದ್ದಾರೆ. ಮರಾಠಿ, ಗುಜರಾತಿ ನೆರೆಯವರನ್ನು ಜತೆಗೂಡಿಸಿಕೊಂಡು ಅವರು ಮುಂದಾದರೆ ಕೆಲಸ ಸುಲಭ. ಸಂಘದ ಬೈಕುಗಳೂ ಒಳರಸ್ತೆಯಲ್ಲಿ ನಿಧಾನಿಸಬೇಕು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಮುಂದಿನ ಮಾಸಿಕ ಸಭೆಯಲ್ಲಿ ಈ ವಿಷಯಕ್ಕೆ ಅರ್ಧ ಗಂಟೆ ಮೀಸಲಿಟ್ಟರೆ, ಕೆಲವು ಬೀದಿಗಳಲ್ಲಾದರೂ ಅಜ್ಜಿ, ಮೊಮ್ಮಗ ನಿರ್ಭಯವಾಗಿ ರಸ್ತೆ ದಾಟಿಯಾರು.