ಸವಳು ನೀರು, ಸೋರುವ ರೇಡಿಯೇಟರ್

ನವಲಗುಂದ ಕಡೆಯ ಹಳ್ಳಿಗಳಲ್ಲಿ ನೀರಿಗೆ ಎರಡು ಕೊಡ. ಒಂದು ಕುಡಿಯಲಿಕ್ಕೆ, ಇನ್ನೊಂದು ಬಳಸಲಿಕ್ಕೆ. ಕುಡಿಯುವುದು ಮಲಪ್ರಭಾ ಕಾಲುವೆಯಿಂದ ತುಂಬಿಸಿದ ಕೆರೆಯ ನೀರು, ಇಲ್ಲವೇ ಶುದ್ಧ ನೀರಿನ ಘಟಕದ ಕ್ಯಾನಿನ ನೀರು. ಬಳಸುವುದು ಬೋರ್‌ವೆಲ್ಲಿನ ಸವಳು ನೀರು. ಅದರಲ್ಲಿ ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಬಿಡುವುದಿಲ್ಲ, ಕಾಯಿಸಿದ ಹಂಡೆಯ ತಳಕ್ಕೆ ಬಿಳಿ ಹಕ್ಕಳೆ ಕಟ್ಟುತ್ತದೆ. ಇದು ಮನೆಯ ಹೆಣ್ಣುಮಕ್ಕಳಿಗೆಲ್ಲ ಗೊತ್ತು. ಅಂಗಳದಲ್ಲಿ ನಿಂತ ಕಾರಿಗೆ ನೀರು ಹಾಕುವ ಹೊತ್ತಿಗೆ ಗಂಡಸರ ಕೈಗೆ ಸಿಗುವುದು ಆ ಎರಡನೆಯ ಕೊಡವೇ. ಈ ಎರಿ ಮಣ್ಣಿನ ನಾಡಿನಲ್ಲಿ ರೇಡಿಯೇಟರ್ ಸೋರುವ ಕಥೆ ಬಹಳ ಸಲ ಶುರುವಾಗುವುದು ಅಲ್ಲಿಂದ.

ಇಲ್ಲಿನ ಕಾರುಗಳಲ್ಲಿ ಹೆಚ್ಚಿನವು ಹುಬ್ಬಳ್ಳಿಯಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ ಗಾಡಿಗಳು. ಮಾರುತಿ 800 ತಯಾರಿಕೆ ನಿಂತದ್ದು 2014ರಲ್ಲಿ, ಓಮ್ನಿ ನಿಂತದ್ದು 2019ರಲ್ಲಿ. ಎರಡೂ ಅಣ್ಣಿಗೇರಿ, ಕುಂದಗೋಳದ ರಸ್ತೆಗಳಲ್ಲಿ ಇವತ್ತಿಗೂ ದುಡಿಯುತ್ತಿವೆ. ಬೀಜ, ಗೊಬ್ಬರ, ಮೆಣಸಿನಕಾಯಿ ಚೀಲ, ರಾತ್ರಿ ಹೆರಿಗೆ ನೋವು ಕಾಣಿಸಿಕೊಂಡ ಹೆಣ್ಣುಮಗಳು, ಎಲ್ಲವೂ ಅದೇ ಗಾಡಿಯಲ್ಲಿ. ಗಾಡಿ ನಿಂತರೆ ಮನೆಯ ಅರ್ಧ ಕೆಲಸ ನಿಲ್ಲುತ್ತದೆ. ರೇಡಿಯೇಟರ್ ಸೋರಿ ಗಾಡಿ ಬಿಸಿಯಾಗುವುದು ಹೆಚ್ಚಾಗಿ ಬೇಸಿಗೆಯಲ್ಲಿ, ಮದುವೆ ಸುಗ್ಗಿಯಲ್ಲಿ. ಕಡಲೆಯ ದುಡ್ಡು ಆಗಲೇ ಖರ್ಚಾಗಿರುತ್ತದೆ, ಹೆಸರುಕಾಳಿನ ದುಡ್ಡು ಬರಲು ಶ್ರಾವಣ ಕಳೆಯಬೇಕು. ಹೊಸ ರೇಡಿಯೇಟರಿಗೆ ಸಾವಿರಗಟ್ಟಲೆ ಬೇಕು ಎಂದು ಯಾರೋ ಹೇಳಿದ್ದನ್ನು ಕೇಳಿ ಮಾಲೀಕ ಸುಮ್ಮನಾಗುತ್ತಾನೆ. ಡಿಕ್ಕಿಯಲ್ಲಿ ಐದು ಲೀಟರಿನ ಕ್ಯಾನ್ ಇಟ್ಟುಕೊಂಡು, "ನೀರ ಹಾಕ್ಕೋಂತ ಹೊಂಟ್ರ ನಡೀತೈತ್ರಿ" ಎನ್ನುತ್ತಾನೆ.

ಸ್ವಲ್ಪ ದಿನ ನಡೆಯುತ್ತದೆ, ನಿಜ. ಆದರೆ ಸೋರುವ ರೇಡಿಯೇಟರಿಗೆ ಇರುವ ದಾರಿಗಳಲ್ಲಿ ಅತಿ ದುಬಾರಿಯಾದದ್ದು ಇದೇ ಎಂದು ನಾನು ಖಚಿತವಾಗಿ ಹೇಳುತ್ತೇನೆ. ಕಾರಣ ರೇಡಿಯೇಟರಿನ ಮುಚ್ಚಳದಲ್ಲಿದೆ. ಅದು ಬರೀ ಮುಚ್ಚಳವಲ್ಲ, ಸ್ಪ್ರಿಂಗ್ ಇರುವ ಒಂದು ವಾಲ್ವ್. ಕಾದ ನೀರನ್ನು ಹೆಚ್ಚುಕಡಿಮೆ ಒಂದು ಬಾರ್ ಒತ್ತಡದಲ್ಲಿ ಹಿಡಿದಿಡುವುದು ಅದರ ಕೆಲಸ. ಹುಬ್ಬಳ್ಳಿ ಸಮುದ್ರ ಮಟ್ಟಕ್ಕಿಂತ 600 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ, ತೆರೆದ ಪಾತ್ರೆಯ ನೀರು ಇಲ್ಲಿ 98 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಒತ್ತಡವಿದ್ದರೆ ಅದೇ ನೀರು 120 ಡಿಗ್ರಿ ಹತ್ತಿರ ಬರುವ ತನಕ ಕುದಿಯುವುದಿಲ್ಲ. ಎಲ್ಲಿಯೋ ಸೂಜಿಮೊನೆಯಷ್ಟು ತೂತು ಬಿದ್ದರೆ ಹೋಗುವುದು ನೀರೊಂದೇ ಅಲ್ಲ, ಒತ್ತಡವೂ ಹೋಗುತ್ತದೆ. ನೀರು ಬೇಗ ಕುದಿದು ಇಂಜಿನ್ನಿನ ಒಳಗೆ ಹಬೆಯ ಗುಳ್ಳೆಗಳಾಗುತ್ತವೆ. ಹಬೆ ಇರುವ ಜಾಗದಲ್ಲಿ ಲೋಹ ತಣಿಯುವುದಿಲ್ಲ. ಇಂಜಿನ್ನಿನ ಮೇಲ್ಭಾಗದ ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗುತ್ತದೆ, ಅದರಡಿಯ ಗ್ಯಾಸ್ಕೆಟ್ ಸುಡುತ್ತದೆ, ಕೊನೆಗೆ ಇಂಜಿನ್ ಸೀಜ್. ನೀರು ತೀರಾ ಇಳಿದಾಗ ಟೆಂಪರೇಚರ್ ಮುಳ್ಳನ್ನು ನಂಬುವ ಹಾಗೂ ಇಲ್ಲ. ಸೆನ್ಸರ್ ನೀರಿನಿಂದ ಹೊರಗೆ ಉಳಿದರೆ ಮುಳ್ಳು ಏರುವ ಬದಲು ಕೆಳಗೇ ಕೂತಿರಬಹುದು. ಕ್ಲಿಪ್ಪಿಗೋ ಹೋಸಿಗೋ ಹಾಕಬೇಕಿದ್ದ ಸಣ್ಣ ದುಡ್ಡು ಉಳಿಯಿತೆಂದುಕೊಂಡವರು ಇಂಜಿನ್ ಬಿಚ್ಚಿಸಲು ಹತ್ತಾರು ಸಾವಿರ ಸಾಲ ಮಾಡುತ್ತಾರೆ.

ನೀರು ಹಾಕುತ್ತ ಹೋಗುವುದು ಕಾರಿನ ಮೊದಲ ದಿನಗಳ ಪದ್ಧತಿ. ಜರ್ಮನಿಯಲ್ಲಿ ವಿಲ್ಹೆಲ್ಮ್ ಮೈಬಾಕ್ 1900ರ ಸುಮಾರಿಗೆ ರೂಪಿಸಿದ ಮರ್ಸಿಡಿಸ್ ಕಾರಿನ ರೇಡಿಯೇಟರಿನಲ್ಲಿ 8,070 ಸಣ್ಣ ಕೊಳವೆಗಳಿದ್ದವು. ಅದಕ್ಕೂ ಮುಂಚಿನ ಎಷ್ಟೋ ಕಾರುಗಳಲ್ಲಿ ನೀರು ಕುದಿದು ಆವಿಯಾಗಿ ಹೋಗುತ್ತಿತ್ತು, ದಾರಿಯಲ್ಲಿ ಮತ್ತೆ ಮತ್ತೆ ತುಂಬಿಸಬೇಕಿತ್ತು. ಕ್ಯಾನ್ ಹೊತ್ತು ತಿರುಗುವ ಇಂದಿನ ಕಾರು ಆ ಕಾಲಕ್ಕೇ ಹಿಂದಿರುಗಿದ ಹಾಗೆ.

ಕೈಯಲ್ಲಿ ದುಡ್ಡು ಕಡಿಮೆ ಇದ್ದವರು ಮೊದಲು ಖರ್ಚು ಮಾಡಬೇಕಾದದ್ದು ಒಂದು ಮುಂಜಾನೆ. ಇಂಜಿನ್ ಪೂರ್ತಿ ತಣ್ಣಗಿರುವಾಗ, ರಾತ್ರಿಯೇ ಗಾಡಿಯಡಿ ಹಾಸಿಟ್ಟ ರಟ್ಟನ್ನೋ ಹಳೆಯ ಪತ್ರಿಕೆಯನ್ನೋ ನೋಡಿ. ಹನಿ ಬಿದ್ದ ಗುರುತಿನ ನೇರ ಮೇಲೆ ಏನಿದೆ ಎಂದು ಟಾರ್ಚ್ ಬಿಟ್ಟು ಹುಡುಕಿ. ಎಸಿ ಹಾಕಿ ಓಡಿಸಿದ ಗಾಡಿಯಡಿ ಬಿದ್ದ ಬಣ್ಣವಿಲ್ಲದ ನೀರಾದರೆ ಅದು ಎಸಿಯದು, ಹೆದರಬೇಕಿಲ್ಲ. ಮೇಲಿನ, ಕೆಳಗಿನ ಹೋಸ್ ಪೈಪುಗಳ ಬಾಯಿಯಲ್ಲಿ ಬಿಳಿ ಇಲ್ಲವೇ ಹಸಿರು ಹಕ್ಕಳೆ ಕಂಡರೆ ಸೋರಿಕೆ ಅಲ್ಲೇ ಇದೆ. ಕ್ಲಿಪ್ ಬಿಗಿದರೆ ಅಥವಾ ಹತ್ತಾರು ರೂಪಾಯಿಯ ಹೊಸ ಕ್ಲಿಪ್ ಹಾಕಿದರೆ ಕೆಲಸ ಮುಗಿಯಬಹುದು. ಹೋಸಿನ ತುದಿ ಮಾತ್ರ ಸೀಳಿದ್ದರೆ, ಉದ್ದ ಸಾಕಷ್ಟಿದ್ದರೆ, ಆ ತುದಿಯನ್ನು ಕೊಯ್ದು ಮತ್ತೆ ಕೂಡಿಸಬಹುದು. ಒತ್ತಿದರೆ ಮೆತ್ತಗೆ ಕುಸಿಯುವ, ಬಿರುಕು ಬಿಟ್ಟ ಹೋಸ್ ಬದಲಿಸಲೇಬೇಕು. ಮುಚ್ಚಳದ ರಬ್ಬರ್ ಒಣಗಿ ಚಪ್ಪಟೆಯಾಗಿದ್ದರೆ ಮುಚ್ಚಳ ಹೊಸದು ಹಾಕಿ, ಅದೇ ಒತ್ತಡದ ಗುರುತಿನದು. ಇಷ್ಟನ್ನೂ ನೋಡದೆ ನೇರ ರೇಡಿಯೇಟರ್ ಬದಲಿಸಿದವರು ಬೇಕಾದಷ್ಟು ಜನ.

ವಾಟರ್ ಪಂಪಿನ ಕೆಳಗೆ ಒಂದು ಸಣ್ಣ ರಂಧ್ರ ಬೇಕೆಂದೇ ಬಿಟ್ಟಿರುತ್ತದೆ. ಅಲ್ಲಿಂದ ನೀರು ಜಿನುಗಿದರೆ ಒಳಗಿನ ಸೀಲ್ ಹೋಗಿದೆ ಎಂದು ತಿಳಿಯಿರಿ, ಅದನ್ನು ಎಂ-ಸೀಲ್ ಹಾಕಿ ಮುಚ್ಚಬೇಡಿ. ಒಳಗೆ ಕಾಲಿಡುವ ಜಾಗದ ಚಾಪೆ ಒದ್ದೆಯಾಗಿ ಸಿಹಿ ವಾಸನೆ ಬಂದರೆ ಹೀಟರಿನ ಕೋರ್ ಸೋರುತ್ತಿದೆ. ನೀರು ಇಳಿಯುತ್ತಲೇ ಇದೆ, ಹೊರಗೆ ಒಂದು ಹನಿಯೂ ಕಾಣುವುದಿಲ್ಲ, ಸೈಲೆನ್ಸರಿನಲ್ಲಿ ಬಿಳಿ ಹೊಗೆ, ಆಯಿಲ್ ಕಡ್ಡಿಗೆ ಹಾಲು ಬೆರೆಸಿದ ಚಹಾದ ಬಣ್ಣ, ಇಷ್ಟು ಕಂಡರೆ ಹೆಡ್ ಗ್ಯಾಸ್ಕೆಟ್ ಸಂಶಯ. ಆ ಗಾಡಿಯನ್ನು ಮತ್ತೆ ಸ್ಟಾರ್ಟ್ ಮಾಡಬೇಡಿ, ಎಳೆಸಿಕೊಂಡು ಹೋಗಿ.

ಸೋರಿಕೆ ರೇಡಿಯೇಟರಿನದೇ ಎಂದು ಖಾತ್ರಿಯಾದ ಮೇಲೆ ಕೇಳಬೇಕಾದ ಪ್ರಶ್ನೆ ಅದು ಯಾವುದರಿಂದ ಮಾಡಿದ್ದು ಎಂಬುದು. ಹಳೆಯ ಜೀಪು, ಲಾರಿ, ಟ್ರ್ಯಾಕ್ಟರುಗಳಲ್ಲಿ ತಾಮ್ರ-ಹಿತ್ತಾಳೆಯ ರೇಡಿಯೇಟರ್ ಇರುತ್ತಿತ್ತು. ಅದನ್ನು ಬಿಚ್ಚಿ, ಬಾಯಿ ಮುಚ್ಚಿ, ಗಾಳಿ ತುಂಬಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಸೈಕಲ್ ಟ್ಯೂಬಿನ ಪಂಕ್ಚರ್ ನೋಡುವ ಹಾಗೆ ಗುಳ್ಳೆ ಎಲ್ಲಿ ಏಳುತ್ತದೆಂದು ನೋಡಿ, ಆ ಜಾಗಕ್ಕೆ ಸೀಸ-ತವರದ ಬೆಸುಗೆ ಹಾಕಿದರೆ ವರ್ಷಗಟ್ಟಲೆ ಬಾಳುತ್ತದೆ. ಮೇಲಿನ ಟ್ಯಾಂಕ್ ಬಿಚ್ಚಿ, ಕೊಳವೆಯೊಳಗೆ ತೆಳು ತಗಡಿನ ಪಟ್ಟಿ ತೂರಿಸಿ, ಕಟ್ಟಿಕೊಂಡ ಸುಣ್ಣವನ್ನು ಕೆರೆದು ತೆಗೆಯುವ ಕೈಚಳಕವೂ ಹಳೆಯ ಮಿಸ್ತ್ರಿಗಳಿಗಿತ್ತು. ಆ ಕೆಲಸ ಬಲ್ಲವರಿಗೆ ಸಲ್ಲಬೇಕಾದ ಮರ್ಯಾದೆ ಸಂದಿಲ್ಲ ಎಂಬುದು ನನ್ನ ಕೊರಗು.

ಈಗಿನ ಕಾರುಗಳದು ಅಲ್ಯೂಮಿನಿಯಂ ಕೋರ್, ಪ್ಲಾಸ್ಟಿಕ್ ಟ್ಯಾಂಕ್. ಇದಕ್ಕೆ ಆ ಬೆಸುಗೆ ಹಿಡಿಯುವುದಿಲ್ಲ. ಟ್ಯಾಂಕೂ ಕೋರೂ ಕೂಡುವ ಅಂಚಿನಲ್ಲಿ ಸೋರಿದರೆ ಲೋಹದ ಹಲ್ಲುಗಳನ್ನು ಬಿಚ್ಚಿ ಒಳಗಿನ ರಬ್ಬರ್ ಗ್ಯಾಸ್ಕೆಟ್ ಬದಲಿಸಿ ಮತ್ತೆ ಮಡಿಚಬಹುದು, ಕಡಿಮೆ ಖರ್ಚಿನ ಕೆಲಸ. ಪ್ಲಾಸ್ಟಿಕ್ ಟ್ಯಾಂಕೇ ಬಿರಿದಿದ್ದರೆ ಎಪಾಕ್ಸಿ ಅಂಟು ಹುಬ್ಬಳ್ಳಿ ಮುಟ್ಟುವವರೆಗೆ ಹಿಡಿದೀತು. ದಿನಾ ಕಾದು ತಣಿದು ಹಿಗ್ಗಿ ಕುಗ್ಗುವ ಜಾಗದಲ್ಲಿ ಅದು ನಿಲ್ಲುವುದಿಲ್ಲ. ಆಗ ಗುಜರಿ ಗಾಡಿಯಿಂದ ತೆಗೆದ ರೇಡಿಯೇಟರ್ ನೋಡಬಹುದು, ನಿಮ್ಮೆದುರೇ ಗಾಳಿ ತುಂಬಿ ಪರೀಕ್ಷಿಸಿ ಕೊಡುವುದಾದರೆ ಮಾತ್ರ. ಅದು ಒಳಗೆ ಸುಣ್ಣ ಕಟ್ಟಿದ್ದರೆ ಅಗ್ಗವಲ್ಲ. ಕಂಪನಿಯದ್ದಲ್ಲದ ಹೊಸದು ಸಿಕ್ಕರೆ ಹಳೆಯ ಸಣ್ಣ ಕಾರಿಗೆ ಅದೇ ಮೇಲು.

ಇನ್ನು ಅರಿಶಿನ. ದಾರಿಯಲ್ಲಿ ನಿಂತ ಗಾಡಿಗೆ ಒಂದು ಮುಷ್ಟಿ ಅರಿಶಿನ ಪುಡಿ ಹಾಕಿ ಊರು ಮುಟ್ಟಿದ ಲಾರಿ ಡ್ರೈವರುಗಳು ನಮ್ಮ ನಾಡಿನಲ್ಲಿ ಎಷ್ಟೋ ಜನ. ಪುಡಿ ನೀರಿನ ಸೆಳೆತಕ್ಕೆ ತೂತಿನ ಬಾಯಿಗೆ ಬಂದು ಕೂತು ಉಬ್ಬಿ ಗಟ್ಟಿಯಾಗುತ್ತದೆ. ಅಂಗಡಿಯಲ್ಲಿ ಸಿಗುವ ಸೋರಿಕೆ ತಡೆಯುವ ಬಾಟಲಿಯೂ ಇದೇ ಉಪಾಯದ್ದು. ತೂತು ಮುಚ್ಚುವ ಪುಡಿಗೆ ಕೊಳವೆಯನ್ನು ಬಿಟ್ಟುಬಿಡಬೇಕೆಂದು ಗೊತ್ತಿರುವುದಿಲ್ಲ, ಮೊದಲೇ ಸುಣ್ಣದಿಂದ ಕಿರಿದಾದ ಕೊಳವೆಗಳಲ್ಲಿ ಅದು ಕೆಸರಾಗಿ ಕೂರುತ್ತದೆ. ಯಲ್ಲಾಪುರ ದಾಟಿ ಅರಬೈಲ್ ಘಟ್ಟದಲ್ಲಿ ಸಿಕ್ಕಿಕೊಂಡವರು ಬೇಕಾದರೆ ಹಾಕಲಿ, ಕಲಘಟಗಿಗೆ ಬಂದ ಮೇಲೆ ಇಡೀ ನೀರು ಚೆಲ್ಲಿ ತೊಳೆಸಬೇಕು. ಹಳೆಯ ಗಾಡಿ ಕೊಳ್ಳುವಾಗ ತಣ್ಣಗಿರುವಾಗಲೇ ಮುಚ್ಚಳ ತೆಗೆದು ನೋಡಿ. ಒಳಗೆ ಹಳದಿ ರಾಡಿ ಇದ್ದರೆ ಮಾರುವವರು ಏನನ್ನು ಮುಚ್ಚಿಟ್ಟಿದ್ದಾರೆಂದು ತಿಳಿಯುತ್ತದೆ.

ದಾರಿಯಲ್ಲಿ ಮುಳ್ಳು ಕೆಂಪಿಗೆ ಹೋಗುತ್ತಿದ್ದರೆ ಎಸಿ ಬಂದ್ ಮಾಡಿ, ಹೀಟರ್ ಪೂರ್ತಿ ಹಚ್ಚಿ, ಪಕ್ಕಕ್ಕೆ ತಂದು ಇಂಜಿನ್ ಆರಿಸಿ. ಮುಚ್ಚಳಕ್ಕೆ ಕೈ ಹಚ್ಚಬೇಡಿ. ಒತ್ತಡದಲ್ಲಿರುವ ನೀರು ಒಮ್ಮೆಲೇ ಚಿಮ್ಮಿದರೆ ಮುಖ, ಕಣ್ಣು, ಕೈ ಸುಟ್ಟುಹೋಗುತ್ತವೆ. ಅರ್ಧ ತಾಸಿಗಿಂತ ಹೆಚ್ಚೇ ಕಾಯಿರಿ, ಮೇಲಿನ ಹೋಸ್ ಕೈಗೆ ತಣ್ಣಗೆ ತಾಗಿದ ಮೇಲೆ ದಪ್ಪ ಬಟ್ಟೆ ಹಾಕಿ ನಿಧಾನ ತಿರುಗಿಸಿ. ಕೆಂಡದಂತಿರುವ ಇಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ ಸೀಳಬಹುದು.

ನೀರಿನ ಮಾತಿಗೆ ಬರೋಣ, ಏಕೆಂದರೆ ಈ ಭಾಗದಲ್ಲಿ ಎಲ್ಲಕ್ಕಿಂತ ದೊಡ್ಡದು ಅದೇ. ಕುಡಿಯುವ ನೀರಿನ ಭಾರತೀಯ ಮಾನಕವಾದ ಐಎಸ್ 10500ರ ಪ್ರಕಾರ ಲೀಟರಿಗೆ 500 ಮಿಲಿಗ್ರಾಂ ಕರಗಿದ ಲವಣ ಇರಬಹುದು, ಬೇರೆ ನೀರೇ ಇಲ್ಲದಿದ್ದರೆ 2000ದವರೆಗೆ. ಕುಡಿಯುವ ನೀರಿಗೇ ಇಷ್ಟಿದ್ದರೆ ಸವಳು ನೀರಿನದು ಹೇಳಬೇಕಿಲ್ಲ. ಸಣ್ಣ ಕಾರಿನ ಇಂಜಿನ್, ರೇಡಿಯೇಟರ್ ಸೇರಿ ಹಿಡಿಯುವುದು ನಾಲ್ಕು ಲೀಟರ್ ಆಸುಪಾಸು. ಸೋರದ ರೇಡಿಯೇಟರಿನಲ್ಲಿ ಆ ನಾಲ್ಕು ಲೀಟರಿನ ಸುಣ್ಣ ಮಾತ್ರ ಇರುತ್ತದೆ. ದಿನಾ ಒಂದು ಲೀಟರ್ ಸೋರಿ ಒಂದು ಲೀಟರ್ ಸವಳು ನೀರು ಬಿದ್ದರೆ ದಿನಾ ಹೊಸ ಸುಣ್ಣ, ಹೊಸ ಉಪ್ಪು, ಹೊಸ ಗಾಳಿ. ಸುಣ್ಣ ಕಾದ ಗೋಡೆಗೆ ಕಟ್ಟುತ್ತದೆ, ಉಪ್ಪು ಅಲ್ಯೂಮಿನಿಯಂ ಕೊಳವೆಯನ್ನು ಚುಕ್ಕೆ ಚುಕ್ಕೆಯಾಗಿ ತಿಂದು ಮತ್ತೊಂದು ತೂತು ಮಾಡುತ್ತದೆ.

ನಮ್ಮಲ್ಲಿ ಹಿಮ ಬೀಳುವುದಿಲ್ಲ, ಬರೀ ನೀರಿನ ಬದಲು ಕೂಲಂಟ್ ಯಾಕೆ ಎಂದು ಕೇಳುವವರಿದ್ದಾರೆ. ನೀರು ಹೆಪ್ಪುಗಟ್ಟದಂತೆ ಕಾಯುವುದು ಅದರ ಒಂದು ಕೆಲಸ. ತುಕ್ಕು ತಡೆಯುವುದು, ಕುದಿಯುವ ಮಟ್ಟ ಏರಿಸುವುದು ನಮಗೆ ಬೇಕಾದ ಕೆಲಸಗಳು. ಸೋರಿಕೆ ನಿಂತ ಮೇಲೆ ಒಮ್ಮೆ ಸರಿಯಾಗಿ ಹಾಕಿದರೆ ವರ್ಷಗಳ ಕಾಲ ಚಿಂತೆಯಿಲ್ಲ. ಸೋರುವಾಗ ಹಾಕಿದರೆ ದುಡ್ಡು ನೆಲಕ್ಕೆ. ನೀರು ಬೆರೆಸಿ ಹಾಕುವ ಗಟ್ಟಿ ಕೂಲಂಟ್ ಕೊಂಡರೆ ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ತನ್ನಿ, ಅದರ ಬದಲು ಆ್ಯಸಿಡ್ ಕ್ಯಾನ್ ಕೈಗೆ ಬಂದೀತು, ಚೀಟಿ ಓದಿ ಕೊಳ್ಳಿ. ಅದಕ್ಕೂ ದುಡ್ಡಿಲ್ಲದಿದ್ದರೆ ಮಳೆ ನೀರಿದೆ. ಮೊದಲ ಮಳೆ ಬಿಟ್ಟು, ತಗಡಿನಿಂದ ಇಳಿದ ನೀರನ್ನು ಬಟ್ಟೆಯಲ್ಲಿ ಸೋಸಿ ಕ್ಯಾನಿಗೆ ತುಂಬಿಡಿ. ಮಣ್ಣಿನ ಮಾಳಿಗೆಯದು ಬೇಡ, ಅದರಲ್ಲಿ ಮೇಲ್ಮುದ್ದಿಯ ಮಣ್ಣಿನ ರಾಡಿ ಬರುತ್ತದೆ. ಕಲಘಟಗಿಯಲ್ಲಿ ಇದು ಸುಲಭ, ಮೂಡಲ ಕಡೆ ಮಳೆ ಬಂದಾಗಲೇ ಹಿಡಿಯಬೇಕು.

ಸುಗ್ಗಿಯಲ್ಲಿ ಇನ್ನೊಂದು ತೊಂದರೆ. ಕಣ ಮಾಡಲು ಆಳು ಸಿಗದೆ ಡಾಂಬರು ರಸ್ತೆ ಮೇಲೆಯೇ ರಾಶಿ ಹಾಕುತ್ತಾರೆ. ಅದರ ಮೇಲೆ ಹಾದ ಪ್ರತಿ ಗಾಡಿಯ ರೇಡಿಯೇಟರ್ ಜಾಲಿಗೆ ಹೊಟ್ಟು, ರವದಿ, ಹತ್ತಿಯ ಎಳೆ ತುಂಬಿಕೊಳ್ಳುತ್ತದೆ. ನೀರು ಭರ್ತಿ ಇದ್ದರೂ ಗಾಳಿ ಆಡದೆ ಗಾಡಿ ಕಾಯುತ್ತದೆ. ಇಂಜಿನ್ ಕಡೆಯಿಂದ ಹೊರಗೆ ಬರುವಂತೆ ಮೆಲ್ಲಗೆ ನೀರು ಬಿಟ್ಟು ತೊಳೆದರೆ ಸಾಕು. ಜೋರಾದ ಪೈಪಿನ ಪೆಟ್ಟಿಗೆ ತೆಳು ತಗಡು ಮಡಿಚಿಹೋಗುತ್ತದೆ. ಗಾಡಿ ಕಾಯುತ್ತದೆಂದು ಮಿಸ್ತ್ರಿ ಥರ್ಮೋಸ್ಟಾಟ್ ಕಿತ್ತು ಬಿಸಾಡಲು ಹೊರಟರೆ ಬೇಡ ಎನ್ನಿ. ಹೊಸದು ಹಾಕಿಸಿ. ಅದಿಲ್ಲದ ಇಂಜಿನ್ ಕಾಯಬೇಕಾದಷ್ಟು ಕಾಯದೆ ಎಣ್ಣೆ ಹೆಚ್ಚು ಕುಡಿಯುತ್ತದೆ.

ಹಳೆಯ ಕೂಲಂಟನ್ನು ಅಂಗಳದಲ್ಲಿ ಚೆಲ್ಲಬೇಡಿ, ಬೆಣ್ಣಿಹಳ್ಳಕ್ಕೂ ಬಿಡಬೇಡಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಒಳಗೆ ಹೋದರೆ ಮೂತ್ರಪಿಂಡ ಕೆಡಿಸುವ ವಿಷ. ನಾಯಿ ನೆಕ್ಕುತ್ತದೆ, ಕರು ನೆಕ್ಕುತ್ತದೆ, ಆಡುವ ಮಗು ಬೆರಳು ಅದ್ದುತ್ತದೆ. ಸೋರಿಕೆ ಹುಡುಕುವ ದಿನಗಳಲ್ಲಿ ಗಾಡಿಯನ್ನು ದನದ ಗ್ವಾದಲಿಯಿಂದ ದೂರ ನಿಲ್ಲಿಸಿ. ಬಿದ್ದದ್ದರ ಮೇಲೆ ಒಣ ಮಣ್ಣು ಎಳೆದು ಬಳಿದು ತೆಗೆಯಿರಿ. ರೇಡಿಯೇಟರಿನಿಂದ ಇಳಿಸಿದ್ದನ್ನು ಕ್ಯಾನಿಗೆ ತುಂಬಿ, ಮೇಲೆ 'ವಿಷ' ಎಂದು ಬರೆದು, ಹಳೆಯ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜಿನವರನ್ನು ಕೇಳಿ ಅವರಿಗೇ ಒಪ್ಪಿಸಿ. ಆ ಕ್ಯಾನನ್ನು ಮತ್ತೆ ಕುಡಿಯುವ ನೀರಿಗೆ ಬಳಸುವಂತಿಲ್ಲ.