ಮಣ್ಣು ತೊಳೆದ ಬೇರು

ಪುತ್ತೂರಿನಾಚೆ ಅಡಿಕೆ ತೋಟಗಳ ನಡುವೆ ಒಂದು ನರ್ಸರಿ. ಮಳೆ ಹಿಡಿದು ನಾಲ್ಕು ದಿನವಾಗಿತ್ತು. ನೆರಳುಬಲೆಯ ಕೆಳಗೆ, ಥಾಯ್ಲೆಂಡಿನಿಂದ ಬಂದ ರಟ್ಟಿನ ಪೆಟ್ಟಿಗೆಯ ಸುತ್ತ ನಾವು ಐದಾರು ಮಂದಿ ನಿಂತಿದ್ದೆವು. ಟೇಪು ಕತ್ತರಿಸಿ ಮುಚ್ಚಳ ತೆಗೆದಾಗ ಹಳೇ ಬಾವಿಯೊಳಗಿನ ವಾಸನೆ ಮೂಗಿಗೆ ಬಡಿಯಿತು. ವೀಳ್ಯದೆಲೆ ಕಟ್ಟನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡುತ್ತಾರಲ್ಲ, ಹಾಗೆ ಹತ್ತು ಹತ್ತು ರಂಬುಟಾನ್ ಕಸಿ ಗಿಡಗಳನ್ನು ಒಟ್ಟು ಸೇರಿಸಿ, ಬೇರಿಗೆ ಹಸಿ ಪಾಚಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಬಿಗಿದಿದ್ದರು. ಒಂದೊಂದು ಎಲೆಯನ್ನೂ ಅರ್ಧಕ್ಕೆ ಕತ್ತರಿಸಿದ್ದರು. ಪಾಚಿ ಬಿಡಿಸಿದರೆ ಒಳಗೆ ಬರೀ ಬೇರು. ಬಸಿದ ಶ್ಯಾವಿಗೆಯ ಹಾಗೆ ಇಳಿಬಿದ್ದಿತ್ತು. ಮಣ್ಣಿನ ಕಣವೂ ಇಲ್ಲ.

ನಾಲ್ಕು ಗಿಡಕ್ಕೆ ಮೊದಲೇ ಹೇಳಿಟ್ಟಿದ್ದ ಗೆಳೆಯ ತನ್ನ ತಾಯಿಯನ್ನೂ ಕರೆತಂದಿದ್ದ. ಅವರು ಬೇರನ್ನೊಮ್ಮೆ, ಮಗನನ್ನೊಮ್ಮೆ ನೋಡಿದರು. “ಬುಡದಲ್ಲಿ ಮಣ್ಣೇ ಇಲ್ಲದ ಗಿಡಕ್ಕೆ ಇಷ್ಟು ದುಡ್ಡು ಕೊಟ್ಟದ್ದಾ ಮಾರಾಯ?”

ಕೇಳಿದ್ದರಲ್ಲಿ ತಪ್ಪೇನಿಲ್ಲ. ನೆಂಟರ ಮನೆಯಿಂದ ಒಂದು ಗಿಡ ತರುವಾಗಲೂ ಬುಡದ ಮಣ್ಣು ಒಡೆಯದ ಹಾಗೆ ಅಡಿಕೆ ಹಾಳೆಯಲ್ಲಿ ಕಟ್ಟಿ, ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದವರು ಅವರು. ಮಣ್ಣು ಉದುರಿತೆಂದರೆ ಗಿಡ ಹೋಯಿತೆಂದೇ ಲೆಕ್ಕ. ಆ ಮಣ್ಣನ್ನೇ ತೊಳೆದು ತೆಗೆದು ಕಳಿಸಬೇಕೆಂಬ ಕಾನೂನು ಹೇಗೆ ಹುಟ್ಟಿತು ಎಂಬುದನ್ನು ಅಲ್ಲಿ ನಿಂತು ವಿವರಿಸುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ಇಲ್ಲಿ ಹೇಳಬಹುದು.

ಕತೆ ಶುರುವಾಗುವುದು ನಾವು ಪೋಡಿ ಮಾಡಿ ತಿನ್ನುವ ಜೀಗುಜ್ಜೆಯಿಂದ. ಇದಕ್ಕೆ ದೀವಿಹಲಸು ಎಂದೂ ಹೆಸರು. ದೀವಿ ಅಂದರೆ ದ್ವೀಪ. ಒಳ್ಳೆಯ ಜಾತಿಯ ಜೀಗುಜ್ಜೆಗೆ ಬೀಜವಿಲ್ಲ, ಬೇರಿನಿಂದ ಚಿಗುರುವ ಮರಿಯೇ ಗತಿ. ಹಾಗಾಗಿ ಇನ್ನೊಂದೂರಿಗೆ ಒಯ್ಯಬೇಕಾದರೆ ಜೀವಂತ ಗಿಡವನ್ನೇ ಒಯ್ಯಬೇಕು. ವೆಸ್ಟ್ ಇಂಡೀಸಿನ ಕಬ್ಬಿನ ತೋಟಗಳಲ್ಲಿ ದುಡಿಯುತ್ತಿದ್ದ ಗುಲಾಮರಿಗೆ ಅಗ್ಗದ ಊಟವಾಗುತ್ತದೆಂದು ಬ್ರಿಟಿಷರು 1787ರಲ್ಲಿ ವಿಲಿಯಂ ಬ್ಲೈ ಎಂಬ ಕಪ್ತಾನನನ್ನು ‘ಬೌಂಟಿ’ ಹಡಗಿನಲ್ಲಿ ತಾಹಿಟಿಗೆ ಕಳಿಸಿದರು. ಹಡಗಿನ ದೊಡ್ಡ ಕೋಣೆ, ಅಂದರೆ ಕಪ್ತಾನನಿಗೇ ಸೇರಬೇಕಾದ ಜಾಗ, ಗಿಡಗಳ ಪಾಲಾಯಿತು. ಕುಂಡ ಕೂರುವಷ್ಟಗಲದ ತೂತು ಕೊರೆದ ಹಲಗೆಗಳನ್ನು ಹಾಸಿದರು. ಕೆಳಗೆ ಸೀಸದ ತಗಡು ಹೊದಿಸಿ, ಸೋರಿದ ನೀರು ಮತ್ತೆ ಪೀಪಾಯಿಗೇ ಸೇರುವಂತೆ ಕೊಳವೆ ಇಟ್ಟರು. 1,015 ಗಿಡ, ಅವುಗಳ ಬುಡಕ್ಕೆ ತಾಹಿಟಿಯ ಮಣ್ಣು. 1789ರ ಏಪ್ರಿಲಿನಲ್ಲಿ ನಾವಿಕರು ದಂಗೆಯೆದ್ದು ಕಪ್ತಾನನನ್ನು ದೋಣಿಗೆ ಇಳಿಸಿದರು, ಗಿಡಗಳನ್ನು ಸಮುದ್ರಕ್ಕೆ ಎಸೆದರು. ಬ್ಲೈ ಬದುಕಿ ಬಂದು 1791ರಲ್ಲಿ ಮತ್ತೊಮ್ಮೆ ಹೊರಟ. ಈ ಸಲ 2,000ಕ್ಕೂ ಮೀರಿ ಹೇರಿದ್ದರಲ್ಲಿ ವೆಸ್ಟ್ ಇಂಡೀಸ್ ಮುಟ್ಟಿದ್ದು 678. ಇಷ್ಟೆಲ್ಲ ಮಾಡಿ ತಂದ ಜೀಗುಜ್ಜೆ ಅಲ್ಲಿಯವರ ನಾಲಗೆಗೆ ಮೊದಮೊದಲು ಹಿಡಿಸಲೇ ಇಲ್ಲ!

ಮೂರರಲ್ಲಿ ಒಂದು ಉಳಿಯಿತೆಂದರೆ ಆ ಕಾಲಕ್ಕೆ ಅದು ದೊಡ್ಡ ಸಾಧನೆಯೇ. ಗಾಳಿಯಲ್ಲಿ ಉಪ್ಪು, ಕುಡಿಯುವ ನೀರಿಗೆ ಬರ, ಹಡಗಿನ ತುಂಬ ಇಲಿ. ಚೀನಾದಿಂದ ಲಂಡನ್ನಿಗೆ ಹೊರಟ ಗಿಡಗಳಲ್ಲಿ ಸಾವಿರಕ್ಕೊಂದು ಬದುಕಿದರೆ ಹೆಚ್ಚು ಎಂದು ಮಕಾವಿನಲ್ಲಿದ್ದ ಒಬ್ಬ ಬ್ರಿಟಿಷ್ ವೈದ್ಯ 1819ರಲ್ಲಿ ಲೆಕ್ಕ ಹಾಕಿದ್ದ.

ಇದಕ್ಕೆ ಮದ್ದು ಕಂಡುಕೊಂಡವನೂ ಒಬ್ಬ ವೈದ್ಯನೇ, ಅದೂ ಅಕಸ್ಮಾತ್ತಾಗಿ. ಲಂಡನ್ನಿನ ನಥಾನಿಯಲ್ ವಾರ್ಡ್ 1829ರಲ್ಲಿ ಒಂದು ಪತಂಗದ ಕೋಶವನ್ನು ಹಸಿ ಮಣ್ಣಿನ ಜೊತೆ ಬಾಟಲಿಗೆ ಹಾಕಿ ಮುಚ್ಚಿಟ್ಟಿದ್ದ. ಮಣ್ಣಿನಿಂದ ಒಂದು ಜರೀಗಿಡವೂ ಹುಲ್ಲೂ ಮೇಲೆದ್ದವು. ನೀರು ಹಾಕುವವರಿಲ್ಲದೆ ವರ್ಷಗಟ್ಟಲೆ ಬದುಕಿದವು. ಹಗಲು ಆವಿಯಾದ ನೀರು ರಾತ್ರಿ ಗಾಜಿನ ಮೇಲೆ ಹನಿಗಟ್ಟಿ ಮತ್ತೆ ಬುಡಕ್ಕೇ ಇಳಿಯುತ್ತಿತ್ತು. ಇದೇ ಉಪಾಯದಲ್ಲಿ ಗಾಜಿನ ಪೆಟ್ಟಿಗೆ ಮಾಡಿಸಿ 1833ರಲ್ಲಿ ಎರಡನ್ನು ಸಿಡ್ನಿಗೆ ಕಳಿಸಿದ. ಗಿಡಗಳು ಹಸಿರಾಗಿಯೇ ಹೋಗಿ ಮುಟ್ಟಿದವು. ಮುಂದೆ ಚೀನಾದ ಚಹಾ ಗಿಡ ಹಿಮಾಲಯದ ತಪ್ಪಲಿಗೆ ಬಂದದ್ದು, ದಕ್ಷಿಣ ಅಮೆರಿಕದ ಸಿಂಕೋನ ನೀಲಗಿರಿಗೆ ಬಂದದ್ದು ಈ ‘ವಾರ್ಡ್ ಪೆಟ್ಟಿಗೆ’ಯಲ್ಲೇ. ಅದರೊಳಗೆ ಗಿಡವೊಂದೇ ಇರಲಿಲ್ಲ ಅನ್ನುವುದು ಆಗ ಯಾರ ತಲೆಗೂ ಹೋಗಿರಲಿಲ್ಲ. ಮಣ್ಣಿತ್ತು, ಮಣ್ಣಿನಲ್ಲಿ ಎರೆಹುಳು, ಬೂಷ್ಟು, ಕೀಟದ ಮೊಟ್ಟೆ. ಗಿಡಕ್ಕೆ ಹಿತವಾದ ಬೆಚ್ಚನೆಯ ತೇವ ಇವಕ್ಕೂ ಹಿತವೇ.

ನಡುವೆ ನಮ್ಮಿಂದ ಹೋದ ಗಿಡದ ಮಾತನ್ನೂ ಹೇಳಬೇಕು. 1889ರಲ್ಲಿ ಅಮೆರಿಕದ ಕೃಷಿ ಇಲಾಖೆ ಮುಂಬಯಿಯಿಂದ ಕಸಿ ಮಾವಿನ ಗಿಡಗಳನ್ನು ತರಿಸಿ ಫ್ಲಾರಿಡಾದಲ್ಲಿ ನೆಡಿಸಿತು. 1895ರ ಹಿಮಕ್ಕೆ ಸಿಕ್ಕಿ ಉಳಿದವೂ ಸತ್ತವು, ಒಂದನ್ನು ಬಿಟ್ಟು. ಅದರ ಹೆಸರು ಅಲ್ಲಿಯ ದಾಖಲೆಯಲ್ಲಿ ‘ಮುಲ್ಗೋಬ’. ಮಲಗೋವಾ ಅನ್ನುವುದೇ ಹೀಗೆ ತಿರುಚಿಕೊಂಡಿದೆಯೆಂದು ನಮ್ಮ ಕಿವಿಗೆ ಗೊತ್ತಾಗುತ್ತದೆ. 1898ರಲ್ಲಿ ಅದು ಹಣ್ಣು ಬಿಟ್ಟಿತು. ಅದರ ಓಟೆಯಿಂದ ಎದ್ದ ಒಂದು ಮರ ‘ಹೇಡನ್’ ಎಂಬ ಕೆಂಪು ಮಾವಾಯಿತು, ಹೇಡನ್ನಿನ ಓಟೆಯಿಂದ ‘ಟಾಮಿ ಅಟ್ಕಿನ್ಸ್’. ಇಂದು ಅಮೆರಿಕದ ಅಂಗಡಿಗಳಲ್ಲಿ ಕಾಣುವ ಆ ಕೆಂಪುಕೆನ್ನೆಯ, ನಾರುನಾರಿನ ಹಣ್ಣು ಮುಲ್ಗೋಬದ ಮೊಮ್ಮಗು. ರುಚಿಯಲ್ಲಿ ಅಜ್ಜಿಯ ಸುಳಿವೂ ಇಲ್ಲ ಎಂದು ಅಲ್ಲಿರುವ ನಮ್ಮವರು ಗೊಣಗುವುದು ಸುಳ್ಳಲ್ಲ. ನಮ್ಮ ಗಿಣಿಮೂತಿಯೂ ‘ಸಂದರ್ಶ’ ಎಂಬ ಹೆಸರಿನಲ್ಲಿ ಅಲ್ಲಿಗೆ ಹೋಯಿತು; ಅದರ ಸಂತಾನದಲ್ಲಿ ಬಂದದ್ದು ‘ಕೆಂಟ್’.

ಹೀಗೆ ಹೊರದೇಶದ ಗಿಡ ತರಿಸುವುದಕ್ಕೆಂದೇ ಅಮೆರಿಕ 1898ರಲ್ಲಿ ಒಂದು ವಿಭಾಗ ತೆರೆದು ಡೇವಿಡ್ ಫೇರ್‌ಚೈಲ್ಡ್ ಎಂಬಾತನ ಕೈಗೆ ಕೊಟ್ಟಿತು. ಅವನ ಬಾಲ್ಯದ ಗೆಳೆಯ ಚಾರ್ಲ್ಸ್ ಮಾರ್ಲಟ್ ಅದೇ ಕೃಷಿ ಇಲಾಖೆಯಲ್ಲಿ ಕೀಟತಜ್ಞ. ಸೇಬು ಬೆಳೆಯನ್ನು ಹಾಳುಗೆಡವುತ್ತಿದ್ದ ಸ್ಯಾನ್ ಹೋಸೆ ಶಲ್ಕಕೀಟದ ತವರು ಹುಡುಕುತ್ತ ಜಪಾನು, ಚೀನಾ ಸುತ್ತಿ ಬಂದವನು. ಒಬ್ಬ ಗಿಡ ತರುವವನು, ಇನ್ನೊಬ್ಬ ಗಿಡದ ಬೆನ್ನೇರಿ ಏನು ಬಂತೆಂದು ನೋಡುವವನು. ಒಂದೇ ಊರಲ್ಲಿ ಆಡಿ ಬೆಳೆದವರು ಎದುರುಬದುರಾಗಿ ನಿಂತರು.

ಇವರಿಬ್ಬರ ನಿಜವಾದ ಜಟಾಪಟಿ ನಡೆದದ್ದು ಹಣ್ಣಿನ ಗಿಡಕ್ಕಲ್ಲ, ಹೂವಿನ ಮರಕ್ಕೆ. ಟೋಕಿಯೋ ನಗರ ಸ್ನೇಹದ ಕಾಣಿಕೆಯಾಗಿ ಕಳಿಸಿದ 2,000 ಚೆರ್ರಿ ಮರಗಳು 1910ರ ಜನವರಿಯಲ್ಲಿ ವಾಷಿಂಗ್ಟನ್ನಿಗೆ ಬಂದು ಮುಟ್ಟಿದವು. ಪರೀಕ್ಷಿಸಿದವರಿಗೆ ಕಾಂಡದಲ್ಲಿ ಕೀಟ, ಬೇರಿನಲ್ಲಿ ನೆಮಟೋಡ್ ಜಂತು ಸಿಕ್ಕಿದವು. ಅಧ್ಯಕ್ಷರ ಒಪ್ಪಿಗೆ ಪಡೆದು ಅವನ್ನು ಸುಟ್ಟರು. ಇನ್ನೊಂದು ದೇಶ ಕೊಟ್ಟ ಉಡುಗೊರೆಗೆ ಬೆಂಕಿ ಇಡುವುದೆಂದರೆ ಸಣ್ಣ ಮಾತಲ್ಲ. ಜಪಾನಿನವರು ಬೇಸರಿಸದೆ, ರೋಗಮುಕ್ತವಾಗಿ ಬೆಳೆಸಿದ 3,020 ಮರಗಳನ್ನು 1912ರಲ್ಲಿ ಮತ್ತೆ ಕಳಿಸಿದರು. ವಾಷಿಂಗ್ಟನ್ನಿನಲ್ಲಿ ವಸಂತಕ್ಕೆ ಹೂಬಿಡುವ ಮರಗಳ ಮೂಲ ಅವೇ. ಅದೇ ವರ್ಷ ಅಮೆರಿಕ ಸಸ್ಯ ಕ್ವಾರಂಟೈನ್ ಕಾನೂನು ಮಾಡಿತು. 1919ರಲ್ಲಿ ಬಂದ 37ನೇ ನಿಯಮ ಹೊರಗಿನ ಗಿಡ ಮಣ್ಣು ಹೊತ್ತು ಬರಬಾರದೆಂದಿತು. ಗೆದ್ದದ್ದು ಮಾರ್ಲಟ್. ಫೇರ್‌ಚೈಲ್ಡ್ ಹೆಚ್ಚು ಪ್ರಸಿದ್ಧನಾದ. ಆದರೆ ಗೆಳೆಯನ ತಾಯಿಯ ಪ್ರಶ್ನೆಗೆ ಉತ್ತರ ಬರೆದವನು ಮಾರ್ಲಟ್ಟೇ.

ನಮ್ಮಲ್ಲಿ ಈ ಕಾನೂನು 1914ರಷ್ಟು ಹಳೆಯದು. ಈಗ ನಡೆಯುವುದು 2003ರ ಸಸ್ಯ ಕ್ವಾರಂಟೈನ್ ಆದೇಶದಂತೆ. ಗಿಡದ ಜೊತೆ ಮಣ್ಣು, ಗೊಬ್ಬರ, ಮರಳು, ಕಸಕಡ್ಡಿ ಯಾವುದೂ ಬರುವಂತಿಲ್ಲ. ನಾವು ಮೊದಲೇ ಆಮದು ಪರವಾನಗಿ ಪಡೆದಿರಬೇಕು, ಕಳಿಸುವ ದೇಶದ ಸರ್ಕಾರ ಸಸ್ಯ ಆರೋಗ್ಯ ಪ್ರಮಾಣಪತ್ರ ಕೊಟ್ಟಿರಬೇಕು. ಅತಿಯಾಯಿತು ಅನ್ನುವವರು ನೀಲಗಿರಿಯವರನ್ನು ಕೇಳಲಿ. 1961ರಲ್ಲಿ ಅಲ್ಲಿಯ ಆಲೂಗಡ್ಡೆ ಹೊಲದಲ್ಲಿ ಕಂಡ ಹೊರದೇಶದ ನೆಮಟೋಡ್ ಇನ್ನೂ ಮಣ್ಣು ಬಿಟ್ಟಿಲ್ಲ. ಅಲ್ಲಿಯ ಬಿತ್ತನೆ ಗಡ್ಡೆಗೆ ಹೊರಗೆ ಹೋಗಲು ನಿರ್ಬಂಧ ಬಿತ್ತು. ನಮ್ಮ ಪರಂಗಿ, ಹಿಪ್ಪುನೇರಳೆ ಬೆಳೆಗಾರರಿಗೂ ಇಂಥದೇ ಅನುಭವವಿದೆ. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡ ಹಿಟ್ಟುತಿಗಣೆ ಕರ್ನಾಟಕಕ್ಕೂ ಹಬ್ಬಿತು. ಅದರ ಶತ್ರುವಾದ ಪುಟ್ಟ ಕಣಜವನ್ನು ಬೆಂಗಳೂರಿನ ಕೀಟ ಸಂಶೋಧನಾ ಬ್ಯೂರೋ 2010ರಲ್ಲಿ ಪೋರ್ಟೊರಿಕೊದಿಂದ ತರಿಸಿ ಬಿಟ್ಟ ಮೇಲೆ ಹಾವಳಿ ತಗ್ಗಿತು.

ಕಾನೂನೇನೋ ಸರಿ. ಕಷ್ಟ ಅನುಭವಿಸುವುದು ಗಿಡ. ಸೇಬು, ಗುಲಾಬಿಯನ್ನು ಬರಿಬೇರಿನಲ್ಲಿ ಕಳಿಸುವುದು ಸುಲಭ. ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗಿದ ಗಿಡಕ್ಕೆ ಕಿತ್ತದ್ದೂ ಗೊತ್ತಾಗುವುದಿಲ್ಲ, ನೆಟ್ಟದ್ದೂ ಗೊತ್ತಾಗುವುದಿಲ್ಲ. ರಂಬುಟಾನ್, ಮ್ಯಾಂಗೋಸ್ಟೀನ್, ಹಲಸು ನಿದ್ದೆಯನ್ನೇ ಅರಿಯದ ಮರಗಳು. ಅವನ್ನು ಎಚ್ಚರವಿದ್ದಾಗಲೇ ಕೀಳಬೇಕು. ಮಣ್ಣು ತೊಳೆಯುವಾಗ ನೀರು ಹೀರುವ ಸೂಕ್ಷ್ಮ ಬೇರುಗಳೂ ಹೋಗುತ್ತವೆ, ಎಲೆಗಳು ಮಾತ್ರ ಬೆವರುತ್ತಲೇ ಇರುತ್ತವೆ. ಎಲೆಯನ್ನು ಅರ್ಧಕ್ಕೆ ಕತ್ತರಿಸುವುದು ಈ ಬೆವರು ಕಡಿಮೆಯಾಗಲಿ ಎಂದು. ತಾಯಿಬೇರು ನೊಂದರೆ ಹಲಸು ಸೊರಗುತ್ತದೆ. ಮ್ಯಾಂಗೋಸ್ಟೀನಿಗೆ ಮೊದಲೇ ಬೇರು ಕಡಿಮೆ.

ಅವತ್ತು ನರ್ಸರಿಯವರು ಗಿಡ ಬಿಡಿಸಿದ ಕೂಡಲೇ ಬೇರನ್ನು ಶಿಲೀಂಧ್ರನಾಶಕದ ನೀರಲ್ಲಿ ಅದ್ದಿ, ತೆಂಗಿನ ನಾರಿನ ಪುಡಿ ತುಂಬಿದ ತೊಟ್ಟೆಗಳಲ್ಲಿ ಊರಿದರು. ಮೇಲೆ ಪ್ಲಾಸ್ಟಿಕ್ ಗೂಡು ಮುಚ್ಚಿ ಒಳಗೆ ಮಂಜಿನಂತೆ ನೀರು ಸಿಂಪಡಿಸಿದರು. ಗೊಬ್ಬರದ ಮಾತೇ ಇಲ್ಲ; ಎರಡು ಹೊಸ ಎಲೆ ಬರುವವರೆಗೆ ಕೊಟ್ಟರೆ ಬೇರು ಸುಡುತ್ತದಂತೆ. ಗೆಳೆಯ ತನ್ನ ನಾಲ್ಕನ್ನು ಕೇಳಿದ. ಕೊಡಲಿಲ್ಲ. ಬಂದ ಗಿಡ ಅಧಿಕಾರಿಗಳು ಒಪ್ಪಿದ ಜಾಗದಲ್ಲಿ ಪ್ರತ್ಯೇಕವಾಗಿ ಬೆಳೆದು, ತಪಾಸಣೆ ಮುಗಿದ ಮೇಲಷ್ಟೇ ಹೊರಗೆ ಹೋಗಬಹುದು. “ದುಡ್ಡೂ ಕೊಟ್ಟಾಯ್ತು, ಮಣ್ಣೂ ಇಲ್ಲ, ಗಿಡವೂ ಇಲ್ಲ” ಎಂದರು ಅವನ ತಾಯಿ, ಕೊಡೆ ಬಿಚ್ಚುತ್ತ.

ಆ ಪೆಟ್ಟಿಗೆಯಲ್ಲಿ ಬಂದ 60 ಗಿಡಗಳಲ್ಲಿ 23 ಒಂದೂವರೆ ತಿಂಗಳೊಳಗೆ ಒಣಗಿದವು. ಗೆಳೆಯನಿಗೆ ಕೊನೆಗೆ ಸಿಕ್ಕಿದ್ದು ಮೂರು. ಅವನನ್ನು ನೋಡಿ ನಿಮಗೂ ಆಸೆಯಾದರೆ, ಒಂದೆರಡು ಗಿಡಕ್ಕೆ ವಿದೇಶದ ಗೋಜು ಬೇಡವೆಂದೇ ನನ್ನ ಸಲಹೆ. ರಂಬುಟಾನ್, ಮ್ಯಾಂಗೋಸ್ಟೀನ್ ಕಸಿಗಳು ಕರಾವಳಿ, ಕೇರಳದ ನರ್ಸರಿಗಳಲ್ಲೇ ಮಣ್ಣು ಸಮೇತ ಸಿಗುತ್ತವೆ. ತರಿಸಲೇಬೇಕೆಂದರೆ ಪರವಾನಗಿ ಇರುವ ನರ್ಸರಿಯವರ ಮೂಲಕ, ಗಾಳಿಯಲ್ಲಿ ತೇವ ತುಂಬಿರುವ ಮಳೆಗಾಲಕ್ಕೆ ಸರಿಯಾಗಿ ತರಿಸಿ. ಇನ್ನು, ಹೊರದೇಶದಿಂದ ಬರುವ ಮಕ್ಕಳಿಗೆ, ನೆಂಟರಿಗೆ “ಸೂಟ್‌ಕೇಸಿನ ಮೂಲೆಯಲ್ಲಿ ಒಂದು ಗಿಡ ಇಟ್ಟುಕೊಂಡು ಬಾ, ಯಾರೂ ನೋಡುವುದಿಲ್ಲ” ಎಂದು ಹೇಳುವ ಅಭ್ಯಾಸವಿದ್ದರೆ, ದಯವಿಟ್ಟು ಅದನ್ನು ಬಿಟ್ಟುಬಿಡಿ.